ಗೌಸಸಾಬನ ಬೆಸುಗೆ

ಹುಬ್ಬಳ್ಳಿಯ ದುರ್ಗದಬೈಲಿನಿಂದ ಎರಡು ಓಣಿ ಒಳಗೆ ಮುರುಗೆಪ್ಪನ ಎಂಜಿನ್ ರಿಪೇರಿ ಅಂಗಡಿ ಇತ್ತು. ಅಂಗಡಿ ಎಂದು ಅವನು ಹೇಳುತ್ತಿದ್ದ. ನೋಡಿದವರಿಗೆ ನಾಲ್ಕು ತಗಡು, ಒಂದು ಹಲಗೆ ಬಾಗಿಲು, ಎಣ್ಣೆ ಕುಡಿದು ಕರಿಬಿದ್ದ ನೆಲ, ಇಷ್ಟೇ ಕಾಣುತ್ತಿತ್ತು. ಆದರೆ ಸುತ್ತಲಿನ ಹತ್ತಿ ಗಿರಣಿಗಳಲ್ಲಿ, ಹಿಟ್ಟಿನ ಗಿರಣಿಗಳಲ್ಲಿ ಎಂಜಿನ್ನು ಕೈಕೊಟ್ಟರೆ ಚಕ್ಕಡಿ ಬರುತ್ತಿದ್ದದ್ದು ಅವನ ಬಾಗಿಲಿಗೇ. ರೈಲ್ವೆ ವರ್ಕಶಾಪಿನಲ್ಲಿ ಹತ್ತು ವರ್ಷ ಫಿಟ್ಟರನಾಗಿ ದುಡಿದು, ಸಲಾಮು ಹೊಡೆದು ಸಾಕಾಗಿ ಹೊರಗೆ ಬಂದವನು. ಎಂಜಿನ್ನಿಗೆ ಕೈ ಹಚ್ಚುವ ಮೊದಲು ಕಿವಿ ಹಚ್ಚುತ್ತಿದ್ದ. ಒಂದು ಮರದ ಕಡ್ಡಿಯನ್ನು ಎಂಜಿನ್ನಿಗೆ ಆನಿಸಿ ಇನ್ನೊಂದು ತುದಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳಿ, ಇಂಥ ಕಡೆ ಇಂಥ ರೋಗ ಎಂದು ಹೇಳಿಬಿಡುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅದು ಖರೆಯಾಗುತ್ತಿತ್ತು. ಹತ್ತನೆಯದರ ಬಗ್ಗೆ ಅವನು ಮಾತಾಡುತ್ತಿರಲಿಲ್ಲ. ನನಗೆ ಗೊತ್ತಿಲ್ಲ ಎಂಬ ಮಾತು ಆ ಮನುಷ್ಯನ ಬಾಯಲ್ಲಿ ಹುಟ್ಟಿದ್ದನ್ನು ದುರ್ಗದಬೈಲಿನಲ್ಲಿ ಯಾರೂ ಕೇಳಿರಲಿಲ್ಲ.

ಪಕ್ಕದ ಅಂಗಡಿ ಗೌಸಸಾಬನದು. ಪಾತ್ರೆಗೆ ಕಲಾಯಿ ಹಾಕುವುದು, ಸ್ಟೋವು ಕಂದೀಲುಗಳಿಗೆ ಬೆಸುಗೆ ಹಾಕುವುದು ಅವನ ಉದ್ಯೋಗ. ಎರಡೂ ಅಂಗಡಿಗಳ ನಡುವಿನ ತಗಡಿನ ಗೋಡೆಯಲ್ಲಿ ಒಂದು ಕಡೆ ಮೊಳದಷ್ಟು ಕಿಂಡಿ ಕತ್ತರಿಸಿಕೊಂಡಿದ್ದರು. ಮುರುಗೆಪ್ಪನ ಕಡೆಯಿಂದ ತೂತುಬಿದ್ದ ಎಣ್ಣೆಯ ಟಾಕಿಗಳು ಆ ಕಡೆಗೆ ಹೋಗುತ್ತಿದ್ದವು, ಬೆಸುಗೆಯಾಗಿ ಈ ಕಡೆಗೆ ಬರುತ್ತಿದ್ದವು. ಮಧ್ಯಾಹ್ನ ಇಬ್ಬರೂ ಕಿಂಡಿಯ ಆಚೆ ಈಚೆ ಕೂತು ತಮ್ಮ ತಮ್ಮ ರೊಟ್ಟಿ ತಾವು ತಿನ್ನುತ್ತಿದ್ದರು. ಒಂದೇ ತಾಟಿನಲ್ಲಿ ಉಣ್ಣುವ ಕಾಲ ಅದಲ್ಲ, ಆದರೆ ಮಾತಿಗೇನೂ ಮೈಲಿಗೆ ಇರಲಿಲ್ಲ. ಹತ್ತು ವರ್ಷ ಹಾಗೆ ನಡೆಯಿತು. ಕಲಾಯಿಯ ಒಲೆಯಲ್ಲಿ ನವಸಾಗರದ ಪುಡಿ ಸುಟ್ಟಾಗ ಏಳುವ ಬಿಳಿ ಹೊಗೆ ಆ ಹತ್ತು ವರ್ಷದಲ್ಲಿ ಗೌಸಸಾಬನ ಎದೆಯೊಳಗೆ ಮನೆಮಾಡಿತ್ತು. ಕೆಮ್ಮು ಹತ್ತಿದರೆ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಗೋಡೆಗೆ ಒರಗಬೇಕು. ದವಾಖಾನೆಯ ಡಾಕ್ಟರು, ಈ ಹೊಗೆ ಬಿಟ್ಟರೆ ಬದುಕುತ್ತೀ, ಇಲ್ಲದಿದ್ದರೆ ನನ್ನ ಕಡೆ ಔಷಧ ಇಲ್ಲ ಎಂದು ನೇರವಾಗಿಯೇ ಹೇಳಿದ್ದರು. ಹೊಗೆ ಬಿಟ್ಟು ಹೊಟ್ಟೆಗೆ ಏನು ಮಾಡಬೇಕು ಎಂಬುದನ್ನು ಅವರು ಹೇಳಿರಲಿಲ್ಲ.

ಹೀಗಿರುವಾಗ ೧೯೩೧ರಲ್ಲಿ ರೈಲ್ವೆಯ ಸಾಹೇಬರೊಬ್ಬರು ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟು ಸಾಮಾನುಗಳನ್ನು ಲಿಲಾವಿಗಿಟ್ಟು ಹರಾಜು ಕೂಗಿಸಿದರು. ಮೇಜು, ಕುರ್ಚಿ, ನಾಯಿಯ ಸರಪಳಿಗಳ ನಡುವೆ ಒಂದು ದೋಣಿ, ಆ ದೋಣಿಯ ಹಿಂದೆ ಸಿಕ್ಕಿಸುವ ಒಂದು ಮೋಟಾರು. ಉಣಕಲ್ ಕೆರೆಯಲ್ಲಿ ಬಾತುಕೋಳಿ ಹೊಡೆಯಲು ಸಾಹೇಬರು ಅದನ್ನು ತರಿಸಿದ್ದರಂತೆ. ಮೇಲೆ ಒಂದು ಟಾಕಿ, ಅದರ ಕೆಳಗೆ ಎಂಜಿನ್ನು, ಅದರಿಂದ ಒಂದು ಉದ್ದ ಕಾಲು, ಕಾಲಿನ ತುದಿಗೆ ನೀರು ತಳ್ಳುವ ಮೂರು ಎಲೆಯ ಫ್ಯಾನು. ಮೇಲಿನ ಚಕ್ರಕ್ಕೆ ಹಗ್ಗ ಸುತ್ತಿ ಜಗ್ಗಿದರೆ ಶುರುವಾಗಬೇಕು. ಎರಡು ವರ್ಷದಿಂದ ಆಗಿರಲಿಲ್ಲ. ಅದಕ್ಕೇ ಯಾರೂ ಕೂಗಲಿಲ್ಲ. ಮುರುಗೆಪ್ಪ ಕೂಗಿ ದೋಣಿ ಮೋಟಾರು ಎರಡನ್ನೂ ಕೊಂಡ. ಇದನ್ನೇನು ಮಾಡುತ್ತೀ ಎಂದು ಗೌಸಸಾಬ ಕೇಳಿದ್ದಕ್ಕೆ, ಸಾಹೇಬರ ಕೈಯಲ್ಲಿ ಸತ್ತದ್ದು ನನ್ನ ಕೈಯಲ್ಲಿ ಎದ್ದು ಕೂಡ್ರುವುದನ್ನು ನೋಡಬೇಕು ಎಂದ. ಹಟ ಅಷ್ಟೇ, ಬೇರೆ ಕಾರಣವೇನೂ ಇರಲಿಲ್ಲ.

ಆ ವರ್ಷವೆಲ್ಲ ಬಿಡುವು ಸಿಕ್ಕಾಗ ಅವನು ಮೋಟಾರಿನ ಮುಂದೆ ಕೂತ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಬಿಚ್ಚಿ ಒಣಗಿಸಿದ, ಪ್ಲಗ್ಗಿನ ಮಸಿ ಕೆರೆದ, ಕಾರ್ಬುರೇಟರಿನ ಬಟ್ಟಲಲ್ಲಿ ಜಿಗಟುಗಟ್ಟಿದ ಹಳೆಯ ಪೆಟ್ರೋಲು ತೊಳೆದ. ಅಂಗಡಿಯ ಹಿಂದೆ ಒಂದು ಪೀಪಾಯಿಗೆ ನೀರು ತುಂಬಿ, ಮೋಟಾರನ್ನು ಅದರ ಅಂಚಿಗೆ ಸಿಕ್ಕಿಸಿ, ಒಂದು ದಿನ ಹಗ್ಗ ಜಗ್ಗಿದಾಗ ಅದು ಭರ್ರೆಂದು ಎದ್ದಿತು. ನೀರೆಲ್ಲ ಇಬ್ಬರ ಮೈಮೇಲೆ. ಗೌಸಸಾಬ ಕೆಮ್ಮುತ್ತ ನಕ್ಕ, ನಗುತ್ತ ಕೆಮ್ಮಿದ.

ಸುದ್ದಿ ಸಾವಕಾರ ಶಿದ್ದಪ್ಪ ಮೆಣಸಿನಕಾಯಿ ಅವರ ಕಿವಿಗೆ ಬಿತ್ತು. ಅಡ್ಡಹೆಸರು ಮೆಣಸಿನಕಾಯಿ, ವ್ಯಾಪಾರ ಹತ್ತಿಯದು, ಸ್ವಭಾವ ಎರಡರ ನಡುವಿನದು. ಮಲಪ್ರಭೆಯ ಆಚೆ ದಂಡೆಯ ಹಳ್ಳಿಗಳಲ್ಲಿ ಅವರಿಗೆ ಹತ್ತಿ ಖರೀದಿ ಇತ್ತು. ಮಳೆಗಾಲದಲ್ಲಿ ಹೊಳೆ ಬಂದರೆ ಅವರ ಆಳುಗಳು ಹರಿಗೋಲಿಗಾಗಿ ದಿನಗಟ್ಟಲೆ ದಂಡೆಯಲ್ಲಿ ಕೂಡ್ರಬೇಕಾಗುತ್ತಿತ್ತು. ಮೋಟಾರು ದೋಣಿ ಇಟ್ಟರೆ ತಮ್ಮವರೂ ದಾಟುತ್ತಾರೆ, ಊರವರೂ ದಾಟುತ್ತಾರೆ ಎಂದು ಅವರ ಲೆಕ್ಕಾಚಾರ. ಉಣಕಲ್ ಕೆರೆಯಲ್ಲಿ ಒಂದು ಸಲ ಓಡಿಸಿ ತೋರಿಸು, ಮನಸ್ಸಿಗೆ ಬಂದರೆ ಕೊಳ್ಳುತ್ತೇನೆ, ನಡೆಸುವವನನ್ನೂ ನೀನೇ ಕೊಡು ಎಂದರು. ನಡೆಸುವವನು ಇಲ್ಲೇ ಇದ್ದಾನೆ ಎಂದು ಮುರುಗೆಪ್ಪ ಕಿಂಡಿಯ ಕಡೆ ಕೈಮಾಡಿದ. ದಂಡೆಯಲ್ಲಿ ಒಂದು ಗುಡಿಸಲು, ತಿಂಗಳ ಪಗಾರ, ಮೇಲೆ ಆಕಾಶ, ಕೆಳಗೆ ನೀರು, ಹೊಗೆ ಎಂಬುದೇ ಇಲ್ಲ. ಆ ಸಂಜೆ ಗೌಸಸಾಬ ಹೊತ್ತಿಗೆ ಮೊದಲೇ ಒಲೆ ಆರಿಸಿದ. ಆಮೇಲೆ ಕಿಂಡಿಯಲ್ಲಿ ಮುಖವಿಟ್ಟು, ಹೊಳೆಯ ಗಾಳಿ ಹೇಗಿರುತ್ತದೆ ಎಂದು ಕೇಳಿದ. ಹುಬ್ಬಳ್ಳಿ ಬಿಟ್ಟು ಹೋದವನೇ ಅಲ್ಲ ಅವನು.

೧೯೩೨ರ ದಸರೆಯ ದಿನ ಮುಂಜಾನೆ ಓಡಿಸಿ ತೋರಿಸುವುದೆಂದು ನಿಶ್ಚಯವಾಯಿತು. ವಿಜಯದಶಮಿಗೆ ಶುರುಮಾಡಿದ್ದು ಕೆಡುವುದಿಲ್ಲ ಎಂದು ಸಾವಕಾರರ ನಂಬಿಕೆ. ಎರಡು ದಿನ ಮೊದಲು ಟಾಕಿಯ ಬೆಸುಗೆಯ ಗೆರೆಯಲ್ಲಿ ಪೆಟ್ರೋಲು ಜಿನುಗುವುದು ಕಂಡಿತು. ಗೌಸಸಾಬ ಟಾಕಿಯನ್ನು ಕಿಂಡಿಯಲ್ಲಿ ತೆಗೆದುಕೊಂಡು ಹಳೆಯ ಬೆಸುಗೆಯನ್ನೆಲ್ಲ ಕರಗಿಸಿ ಹೊಸದಾಗಿ ಹಾಕಿ, ಒಳಗೆ ನಾಲ್ಕು ಸಲ ತೊಳೆದು ಕೊಟ್ಟ. ಅಷ್ಟಮಿಯ ಸಂಜೆ ಮುರುಗೆಪ್ಪ ಅದನ್ನು ಮೋಟಾರಿಗೆ ಕೂಡ್ರಿಸಿದ. ಪೀಪಾಯಿಯಲ್ಲಿ ಇನ್ನೊಮ್ಮೆ ಓಡಿಸಿ ನೋಡಬೇಕಿತ್ತು, ಕತ್ತಲಾಯಿತು. ಮರುದಿನ ಖಂಡೇಪೂಜೆ. ಆ ದಿನ ಹತ್ಯಾರಗಳನ್ನು ತೊಳೆದು ಪೂಜೆ ಮಾಡಬೇಕೇ ಹೊರತು ಕೆಲಸಕ್ಕೆ ಮುಟ್ಟುವಂತಿಲ್ಲ. ಮುರುಗೆಪ್ಪ ಸ್ನಾನ ಮಾಡಿ, ವಿಭೂತಿಯನ್ನು ನೀರಿನಲ್ಲಿ ಕಲಸಿ, ಸುತ್ತಿಗೆಯಿಂದ ಹಿಡಿದು ಇಕ್ಕಳದವರೆಗೆ ಎಲ್ಲಕ್ಕೂ ಮೂರು ಬೆರಳು ಎಳೆದ. ಮೋಟಾರಿನ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತ. ನಾಳೆ ಮಾನ ಕಾಯಬೇಕಾದದ್ದು ಇದು. ಎಲ್ಲಕ್ಕಿಂತ ಮೇಲಿದ್ದದ್ದು ಟಾಕಿಯ ಹಿತ್ತಾಳೆಯ ಮುಚ್ಚಳ. ಅದೇ ಇದರ ನೆತ್ತಿ ಎಂದುಕೊಂಡು, ಅದರ ಮೇಲೆ ದಪ್ಪಗೆ ವಿಭೂತಿ ಬಳಿದು, ನಟ್ಟನಡುವೆ ಕುಂಕುಮ ಒತ್ತಿ, ಚೆಂಡುಹೂವಿನ ಮಾಲೆ ಹಾಕಿ ಕೈಮುಗಿದ.

ದಸರೆಯ ಮುಂಜಾನೆ ಉಣಕಲ್ ಕೆರೆಯ ದಂಡೆಯಲ್ಲಿ ನೂರು ಮಂದಿ ನೆರೆದಿದ್ದರು. ಸಾವಕಾರರು ಹೊಸ ಧೋತರ ಉಟ್ಟು, ರುಮಾಲು ಸುತ್ತಿ ದೋಣಿಯ ನಡುವೆ ಕೂತರು. ಗೌಸಸಾಬ ಮೋಟಾರಿನ ಪಕ್ಕದಲ್ಲಿ, ಮುರುಗೆಪ್ಪ ಹಗ್ಗ ಹಿಡಿದು. ಮೊದಲನೆಯ ಜಗ್ಗಿಗೇ ಮೋಟಾರು ಎದ್ದಿತು. ದಂಡೆಯ ಮಂದಿ ಹೋ ಎಂದರು. ದೋಣಿ ನೀರು ಸೀಳಿಕೊಂಡು ಹೋಯಿತು, ಸಾವಕಾರರು ರುಮಾಲು ಹಾರದಂತೆ ಕೈಯಲ್ಲಿ ಹಿಡಿದುಕೊಂಡರು. ಐದು ನಿಮಿಷ ಆಗಿರಬಹುದು, ಮೋಟಾರು ಎರಡು ಸಲ ಬಿಕ್ಕಿ ನಿಂತುಬಿಟ್ಟಿತು.

ಹಗ್ಗ ಜಗ್ಗಿದ, ಏಳಲಿಲ್ಲ. ಪ್ಲಗ್ಗು ಬಿಚ್ಚಿ ಒರೆಸಿ, ತಗಡಿಗೆ ಹಿಡಿದು ಚಕ್ರ ತಿರುಗಿಸಿದ; ನೀಲಿ ಕಿಡಿ ಚಟ್ ಎಂದು ಹಾರಿತು. ಕಿಡಿಯ ದೋಷವಲ್ಲ. ಕಾರ್ಬುರೇಟರಿನ ಬಟ್ಟಲು ನೋಡಿದರೆ ಒಣಗಿತ್ತು. ಪೆಟ್ರೋಲು ಕೆಳಗೆ ಇಳಿಯುತ್ತಿಲ್ಲ. ಟಾಕಿಯಲ್ಲಿ ಇದೆಯೋ ಇಲ್ಲವೋ ಎಂದು ಮುಚ್ಚಳ ತಿರುವಿದ; ಸುಸ್ ಎಂದು ಸಣ್ಣ ಸದ್ದಾಯಿತು. ಪೆಟ್ರೋಲು ಕುತ್ತಿಗೆಯವರೆಗೆ ಇತ್ತು. ನಳಿಗೆ ಬಿಚ್ಚಿ ಬಾಯಿಂದ ಊದಿ, ಮತ್ತೆ ಜೋಡಿಸಿ, ಮುಚ್ಚಳ ಹಾಕಿ ಜಗ್ಗಿದ. ಎದ್ದಿತು. ಮತ್ತೆ ಐದು ನಿಮಿಷಕ್ಕೆ ನಿಂತಿತು. ಮತ್ತೆ ಬಿಚ್ಚಿದ, ಮತ್ತೆ ಸುಸ್, ಮತ್ತೆ ಊದಿದ. ಮತ್ತೆ ಎದ್ದು ಕೆರೆಯ ನಡುಮಧ್ಯಕ್ಕೆ ಒಯ್ದು ನಿಲ್ಲಿಸಿತು. ಎಂಜಿನ್ನಿನ ಎದೆಬಡಿತ ಕೇಳಿ ರೋಗ ಹೇಳುತ್ತಿದ್ದ ಕಿವಿಗೆ ಆ ಸುಸ್ ಕೇಳಲಿಲ್ಲವೆಂದಲ್ಲ. ಬಿಸಿಲಿಗೆ ಪೆಟ್ರೋಲು ಕಾದಿದೆ ಎಂದುಕೊಂಡ. ಮುಚ್ಚಳ ತೆಗೆದಾಗಲೆಲ್ಲ ಯಾಕೆ ಸರಿಯಾಗುತ್ತದೆ ಎಂದು ಒಂದು ಗಳಿಗೆ ಸುಮ್ಮನೆ ಕೂತು ಯೋಚಿಸಿದ್ದರೆ ಸಾಕಿತ್ತು. ಆದರೆ ಸಾವಕಾರರು ಅವನ ಮುಖವನ್ನೇ ನೋಡುತ್ತಿದ್ದರು, ದಂಡೆಯಲ್ಲಿ ಯಾರೋ ಸೀಟಿ ಹೊಡೆದಿದ್ದರು.

ಊದಿದರೆ ಸರಿಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕಟ್ಟುತ್ತದೆ. ಹಾಗಾದರೆ ಟಾಕಿಯೊಳಗೆ ಕಸ ಇದೆ. ಕಸ ಎಲ್ಲಿಂದ ಬಂತು? ಟಾಕಿಯನ್ನು ಕೊನೆಗೆ ಬಿಚ್ಚಿದವರು ಯಾರು? ಮುರುಗೆಪ್ಪನ ತಲೆ ಅಷ್ಟು ಸಲೀಸಾಗಿ ಆ ದಾರಿ ಹಿಡಿಯಿತು. ಆ ಹೊತ್ತಿಗೆ ಗೌಸಸಾಬ ಟಾಕಿಯ ಕಡೆ ಬಗ್ಗಿ ಏನೋ ಹೇಳಲು ಬಾಯಿ ತೆರೆದಿದ್ದ. ಮುರುಗೆಪ್ಪ ಅವನಿಗೆ ಹೇಳಗೊಡಲಿಲ್ಲ. ಸಾವಕಾರರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದ.

"ನನ್ನ ಮೋಟಾರಂದು ಏನೂ ತಪ್ಪಿಲ್ಲರಿ ಸಾವಕಾರ್ರ. ಇವ ಬೆಸಿಗಿ ಹಾಕಿದ ಕಸ ಟಾಕ್ಯಾಗ ಬಿಟ್ಟಾನ. ಹತ್ತು ವರ್ಷದಿಂದ ನೋಡಾಕತ್ತೇನಿ, ಇವನ ಬೆಸಿಗಿ ನಿಲ್ಲೂದಿಲ್ಲ."

ಕೊನೆಯ ಮಾತು ಸುಳ್ಳು. ಹತ್ತು ವರ್ಷದಲ್ಲಿ ಗೌಸಸಾಬ ಹಾಕಿದ ಒಂದು ಬೆಸುಗೆಯೂ ತಿರುಗಿ ಬಂದದ್ದಿಲ್ಲ. ಆದರೆ ಮಾತು ಬಾಯಿಂದ ಬಿದ್ದಾಗಿತ್ತು, ನೀರಿನ ಮೇಲೆ ದನಿ ಚೆನ್ನಾಗಿ ಹೋಗುತ್ತದೆ, ದಂಡೆಯವರಿಗೂ ಕೇಳಿತು. ಗೌಸಸಾಬ ತೆರೆದ ಬಾಯಿ ಮುಚ್ಚಿದ. ಇಬ್ಬರೂ ಹಲಗೆಯಿಂದ ನೀರು ತಳ್ಳುತ್ತ ದೋಣಿಯನ್ನು ದಂಡೆಗೆ ತಂದರು. ಸಾವಕಾರರ ಹೊಸ ಧೋತರ ಮೊಣಕಾಲಿನವರೆಗೆ ಕೆಸರಾಯಿತು. ಪ್ರತಿ ವರ್ಷ ದಸರೆಯ ಸಂಜೆ ಗೌಸಸಾಬ ಮುರುಗೆಪ್ಪನ ಮನೆಗೆ ಬಂದು ಬನ್ನಿಯ ಎಲೆ ಕೊಟ್ಟು, ತಗೊಂಡು, ತಪ್ಪಾಗಿದ್ದರೆ ಹೊಟ್ಟೆಯಲ್ಲಿ ಹಾಕಿಕೋ ಎಂದು ನಗುತ್ತಿದ್ದ. ಆ ಸಂಜೆ ಬರಲಿಲ್ಲ. ಮರುದಿನ ನೋಡಿದರೆ ಕಿಂಡಿಗೆ ಆ ಕಡೆಯಿಂದ ತಗಡು ಕೂತಿತ್ತು. ಬೆಸುಗೆ ಹಾಕಿ ಮುಚ್ಚಿದ್ದ.

ಮೋಟಾರು ಮೂಲೆಯಲ್ಲಿ ಬಿತ್ತು. ದೀಪಾವಳಿಗೆ ಎರಡು ದಿನ ಇದ್ದಾಗ ಮುರುಗೆಪ್ಪ ಅದನ್ನು ಮನೆಯ ಹಿತ್ತಲಿಗೆ ಒಯ್ದ. ಗೌಸಸಾಬನ ಕಸ ತೆಗೆದು ತೋರಿಸಬೇಕು, ಆಗ ತನ್ನ ಮಾತು ಖರೆ ಎಂದು ತನಗೇ ಅನ್ನಿಸುತ್ತದೆ ಎಂದು ಅವನ ಮನಸ್ಸು. ಟಾಕಿಯ ಪೆಟ್ರೋಲನ್ನೆಲ್ಲ ಬಿಳಿ ಬಟ್ಟೆಯಲ್ಲಿ ಸೋಸಿದ. ಬಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ಕಸವೂ ನಿಲ್ಲಲಿಲ್ಲ. ಟಾಕಿಯೊಳಗೆ ಬೆರಳು ಆಡಿಸಿದ, ನುಣ್ಣಗೆ ಇತ್ತು. ಹಿತ್ತಲಿನ ನೀರಿನ ಪೀಪಾಯಿಯಲ್ಲಿ ಸಿಕ್ಕಿಸಿ, ಸೋಸಿದ ಪೆಟ್ರೋಲು ತುಂಬಿ, ಮುಚ್ಚಳ ಹಾಕದೆ ಓಡಿಸಿದ. ಅರ್ಧ ತಾಸು ಓಡಿತು. ಮುಚ್ಚಳ ಹಾಕಿದ, ಐದು ನಿಮಿಷಕ್ಕೆ ನಿಂತಿತು. ಮುಚ್ಚಳ ತಿರುವಿದ, ಸುಸ್ ಎಂದಿತು.

ಆಗ ಅವನು ಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡಿದ. ನಡುವೆ ಗಾಳಿ ಹೋಗಲೆಂದು ಒಂದು ಸೂಜಿಯ ತೂತು ಇರಬೇಕು. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲು ಕೆಳಗೆ ಇಳಿಯುವುದಿಲ್ಲ. ಇದನ್ನು ವರ್ಕಶಾಪಿನಲ್ಲಿ ಮೊದಲನೆಯ ವಾರ ಕಲಿಸುತ್ತಾರೆ. ತೂತು ಕಾಣಲಿಲ್ಲ. ಇದ್ದದ್ದು ಒಣಗಿ ಕಲ್ಲಾದ ವಿಭೂತಿ, ಅದರ ಮೇಲೆ ಕುಂಕುಮ. ಹೆಂಡತಿ ಬಾಳವ್ವನನ್ನು ಕರೆದು ಸೂಜಿ ಕೇಳಿದ. ಚುಚ್ಚಿದಾಗ ಬಿಳಿಯ ಕಣಗಳು ಅಂಗೈಯಲ್ಲಿ ಉದುರಿದವು. ಮುಚ್ಚಳ ಹಾಕಿ ಹಗ್ಗ ಜಗ್ಗಿದ. ಟಾಕಿ ಬರಿದಾಗುವವರೆಗೆ ಮೋಟಾರು ನಿಲ್ಲಲಿಲ್ಲ. ಅವನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು.

ಬಾಳವ್ವ ಎಲ್ಲವನ್ನೂ ಕೇಳಿಕೊಂಡು ಒಂದೇ ಮಾತು ಹೇಳಿದಳು. "ಇವತ್ತ ಹೋಗಿ ಗೌಸಣ್ಣಗ ಹೇಳಿ ಬರ್ರಿ."

ನಾಳೆ ಎಂದ. ಮರುದಿನ, ನಾಳೆ ನರಕಚತುರ್ದಶಿ, ಹಬ್ಬದ ದಿನ ಬೇಡ ಎಂದ. ಹಬ್ಬ ಮುಗಿದ ಮೇಲೆ ಅಂಗಡಿಯಲ್ಲಿ ಮಂದಿ ಇದ್ದರು. ಮಂದಿ ಇಲ್ಲದಾಗ ಗೌಸಸಾಬ ಬಾಗಿಲು ಹಾಕಿದ್ದ. ಬಾಳವ್ವ ದಿನಾ ಕೇಳುತ್ತಿದ್ದಳು, ಆಮೇಲೆ ವಾರಕ್ಕೊಮ್ಮೆ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ನಿಜ ಹೇಳಬೇಕೆಂದರೆ ಅವನಿಗೆ ಗೌಸಸಾಬನ ಹೆದರಿಕೆಯಿರಲಿಲ್ಲ. ಇಂಥ ಸಣ್ಣ ತೂತು ನಿನಗೆ ಕಾಣಲಿಲ್ಲವೇ ಎಂದು ದುರ್ಗದಬೈಲು ನಗುತ್ತದಲ್ಲ, ಅದರ ಹೆದರಿಕೆ.

ಅಷ್ಟರಲ್ಲಿ ಸಾವಕಾರರೇ ಅಂಗಡಿಗೆ ಬಂದರು. ಮೋಟಾರು ಓಡುತ್ತದಂತಲ್ಲ, ಏನಾಗಿತ್ತು ಎಂದು ಕೇಳಿದರು. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇರಲಿಲ್ಲ. ಮುರುಗೆಪ್ಪನ ಬಾಯಿಂದ ಬಂದದ್ದು, ಕಸ ಇತ್ತರಿ, ತಗದೆ, ಎಂಬ ಮಾತು. ವಿಭೂತಿಯೂ ಒಂದು ನಮೂನೆ ಕಸವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಾವಕಾರರು ದೋಣಿ ಮೋಟಾರು ಎರಡನ್ನೂ ಕೊಂಡರು. ನಡೆಸಲು ಗೌಸಸಾಬ ಇದ್ದಾನೆ ಎಂದು ಮುರುಗೆಪ್ಪ ತಡವರಿಸುತ್ತ ಶುರುಮಾಡಿದಾಗ, ಅವನು ಬ್ಯಾಡ, ನೀನ ಅಂದೆಲ್ಲ ಅವನ ಕೆಲಸ ನೆಟ್ಟಗಿಲ್ಲ ಅಂತ, ಎಂದು ಬೇರೆ ಆಳನ್ನು ಗೊತ್ತುಮಾಡಿಕೊಂಡರು. ಮುರುಗೆಪ್ಪ ಒಂದು ವಾರ ಅವನಿಗೆ ಮೋಟಾರು ನಡೆಸುವುದನ್ನು ಕಲಿಸಿಕೊಟ್ಟ. ಹೊಳೆಯ ಗಾಳಿ ಆ ಮನುಷ್ಯನ ಪಾಲಾಯಿತು.

ಸಾವಕಾರರ ಹತ್ತಿ ಗಿರಣಿಯ ಟಾಕಿಗಳು ಗೌಸಸಾಬನ ಕಡೆ ಬರುವುದು ನಿಂತಿತು. ಅವರು ನಿಲ್ಲಿಸಿದ್ದನ್ನು ನೋಡಿ ಇನ್ನೂ ನಾಲ್ಕು ಗಿರಣಿಯವರು ನಿಲ್ಲಿಸಿದರು. ಅವನ ಬೆಸಿಗಿ ನಿಲ್ಲೂದಿಲ್ಲಂತ ಎಂಬ ಮಾತು ಅಂಗಡಿಯಿಂದ ಅಂಗಡಿಗೆ, ಸಂತೆಯಿಂದ ಸಂತೆಗೆ ನಡೆಯಿತು. ವರ್ಷ ತುಂಬುವುದರೊಳಗೆ ಗೌಸಸಾಬ ಒಲೆ, ತಿದಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಧಾರವಾಡಕ್ಕೆ ಹೋಗಿ, ಲೈನ್ ಬಜಾರಿನ ಹಿಂದಿನ ಓಣಿಯಲ್ಲಿ ಅಂಗಡಿ ಹಾಕಿದ. ಅಲ್ಲಿ ಗಿರಣಿಗಳಿಲ್ಲ, ಬರೀ ಮನೆಗಳ ಪಾತ್ರೆ. ಅಂದರೆ ಬೆಸುಗೆ ಕಡಿಮೆಯಾಗಿ ಕಲಾಯಿ ಹೆಚ್ಚಾಯಿತು, ಹೊಗೆಯೂ ಹೆಚ್ಚಾಯಿತು.

ಹುಬ್ಬಳ್ಳಿಯಿಂದ ಧಾರವಾಡ ಹದಿಮೂರು ಮೈಲು. ಮುಂಜಾನೆ ರೈಲಿಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಸಪ್ತಾಪುರದ ಕಡೆಯ ಬಂಗಲೆಗಳ ಬಾವಿಯ ಪಂಪು ನೋಡಲು ಮುರುಗೆಪ್ಪ ತಿಂಗಳಿಗೊಮ್ಮೆ ಹೋಗುತ್ತಲೂ ಇದ್ದ. ಹೋದಾಗಲೆಲ್ಲ ಲೈನ್ ಬಜಾರಿನ ಆ ಓಣಿ ತಪ್ಪಿಸಿ, ಅರ್ಧ ಮೈಲು ಸುತ್ತುಹಾಕಿ ಸ್ಟೇಶನ್ನಿಗೆ ಬರುತ್ತಿದ್ದ. ಎಂಟು ವರ್ಷ ಹಾಗೆ ಸುತ್ತುಹಾಕಿದ. ಪ್ರತಿ ಖಂಡೇಪೂಜೆಗೆ ವಿಭೂತಿ ಕಲಸುವಾಗ ಕೈ ತಡೆಯುತ್ತಿತ್ತು. ಪ್ರಾಯ ನಲವತ್ತೈದು ದಾಟಿತು, ಕಿವಿ ಮೊದಲಿನ ಹಾಗೆ ಉಳಿಯಲಿಲ್ಲ. ಮಾತು ಕಡಿಮೆಯಾಯಿತು. ಗಿರಾಕಿಗಳು ರೋಗ ಏನು ಎಂದು ಕೇಳಿದರೆ, ಬಿಚ್ಚಿ ನೋಡಿ ಹೇಳುತ್ತೇನೆ ಎನ್ನತೊಡಗಿದ. ಮುರುಗೆಪ್ಪ ಮೆತ್ತಗಾದ ಎಂದು ಜನ ಅಂದರು.

೧೯೪೧ರ ಮಳೆಗಾಲ ಮುಗಿಯುವ ಹೊತ್ತಿಗೆ ಮೋಟಾರು ತಿರುಗಿ ಅವನ ಅಂಗಡಿಗೆ ಬಂತು. ಯುದ್ಧ ಶುರುವಾಗಿ ಪೆಟ್ರೋಲು ಚೀಟಿಯ ಮೇಲೆ ಕೊಡುತ್ತಿದ್ದ ದಿನಗಳು. ಹೊಳೆಯ ದೋಣಿ ನಿಂತು ಎರಡು ತಿಂಗಳಾಗಿತ್ತು. ಪೆಟ್ರೋಲು ಬಿಟ್ಟು ದೀಪದ ಚಿಮಣಿ ಎಣ್ಣೆಯ ಮೇಲೆ ಓಡುತ್ತದೇನು ನೋಡು ಎಂದು ಸಾವಕಾರರು ಚಕ್ಕಡಿಯಲ್ಲಿ ಹಾಕಿ ಕಳಿಸಿದ್ದರು. ಮುರುಗೆಪ್ಪ ಹಗ್ಗ ಸುತ್ತಿ ಜಗ್ಗಿದ. ಇಪ್ಪತ್ತು ಸಲ ಜಗ್ಗಿದರೂ ಒಂದು ಸಲವೂ ಕೆಮ್ಮಲಿಲ್ಲ. ಈ ಸಲ ಅವನಿಗೆ ಅವಸರವಿರಲಿಲ್ಲ. ಒಂದೊಂದಾಗಿ ಬಿಚ್ಚಿದ. ಮ್ಯಾಗ್ನೆಟೊದ ಸುರುಳಿ ಹಸಿಯಾಗಿ ಕಿಡಿ ಸತ್ತಿತ್ತು. ಪಿಸ್ಟನ್ನಿನ ಬಳೆಗಳು ಅಂಟಿಕೊಂಡಿದ್ದವು. ಫ್ಯಾನಿನ ಒಂದು ಎಲೆ ಮುರಿದಿತ್ತು. ಮುದುಕನಾದ ಮೋಟಾರು, ಒಂದು ರೋಗ ಅಂತಿಲ್ಲ. ಕೊನೆಗೆ ಟಾಕಿಯನ್ನು ಬಿಚ್ಚಿ, ಸೋರುತ್ತದೇನು ನೋಡಲು ಚಿಮಣಿ ಎಣ್ಣೆ ತುಂಬಿ ತಂತಿಗೆ ತೂಗುಹಾಕಿದ.

ತಗಡೆಲ್ಲ ತುಕ್ಕು ತಿಂದು ಜರಡಿಯಾಗಿತ್ತು. ಮೇಲೆ, ಕೆಳಗೆ, ಪಕ್ಕಕ್ಕೆ, ಹತ್ತು ಕಡೆ ಎಣ್ಣೆ ತೊಟ್ಟಿಕ್ಕಿತು. ಬೆಸುಗೆಯ ಗೆರೆಯ ಉದ್ದಕ್ಕೂ ಒಂದು ಹನಿ ಇಲ್ಲ. ಒಂಬತ್ತು ವರ್ಷ ಹೊಳೆಯ ಮೇಲೆ ಅಲುಗಾಡಿ, ಮಳೆಯಲ್ಲಿ ನೆನೆದು, ಸುತ್ತಲಿನ ತಗಡು ಹೋದರೂ ಆ ಗೆರೆ ಮಾತ್ರ ಹಾಕಿದಂತೆಯೇ ಇತ್ತು. ಮುರುಗೆಪ್ಪ ಹೆಬ್ಬೆರಳಿನಿಂದ ಅದರ ಮೇಲೆ ತುದಿಯಿಂದ ತುದಿಗೆ ಸವರಿದ. ಅಲ್ಲೇ ನೆಲದ ಮೇಲೆ ಕೂತು ಅತ್ತ. ಆಮೇಲೆ ಎಣ್ಣೆ ಒರೆಸಿ ಟಾಕಿಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು, ಮಧ್ಯಾಹ್ನದ ರೈಲಿಗೆ ಧಾರವಾಡಕ್ಕೆ ಹೊರಟ.

ಗೌಸಸಾಬ ಒಲೆಯ ಮುಂದೆ ಇದ್ದ. ಅರ್ಧ ಆಳಾಗಿದ್ದ. ಗಡ್ಡ ಬೆಳ್ಳಗಾಗಿತ್ತು, ಉಸಿರು ತೆಗೆದುಕೊಂಡಾಗ ಕೊರಳಿನ ನರ ಎದ್ದು ಕಾಣುತ್ತಿತ್ತು. ಮುರುಗೆಪ್ಪನನ್ನು ನೋಡಿ ಏನೂ ಆಗಿಲ್ಲ ಎಂಬಂತೆ ಹಲಗೆ ಸರಿಸಿ, ಕೂಡು ಎಂದ. ಬಾಳವ್ವ ಹೇಗಿದ್ದಾಳೆ ಎಂದು ಕೇಳಿದ. ಮುರುಗೆಪ್ಪ ಟಾಕಿ ತೆಗೆದು ಮುಂದಿಟ್ಟು, ಒಂಬತ್ತು ವರ್ಷ ಬಾಯಿಪಾಠ ಮಾಡಿದ್ದನ್ನೆಲ್ಲ ತಲೆಬಗ್ಗಿಸಿ ಹೇಳಿದ. ವಿಭೂತಿ, ಮುಚ್ಚಳದ ತೂತು, ಬಾಳವ್ವನ ಸೂಜಿ, ಸಾವಕಾರರಿಗೆ ಹೇಳಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಗೌಸಸಾಬ ಕೈಯಲ್ಲಿದ್ದ ತಪೇಲಿಯನ್ನು ಒರೆಸುತ್ತಲೇ ಕೇಳಿದ.

"ನನಗ ಗೊತ್ತಿತ್ತು," ಎಂದ. "ಎರಡನೇ ಸಲ ನಿಂತಾಗನ ಕಂಡೆ. ಉಗುರಿಲೆ ಕೆರದ್ರ ಆಗೂದಿತ್ತು."

ಮುರುಗೆಪ್ಪ ತಲೆಯೆತ್ತಿದ. "ಮತ್ತ ಯಾಕ ಹೇಳ್ಲಿಲ್ಲ?"

"ದಂಡಿ ಮ್ಯಾಲ ನೂರು ಮಂದಿ ನಿಂತಿದ್ರು. ಖಂಡೇಪೂಜಿ ವಿಭೂತಿ ಅದು. ನಾ ಉಗುರು ಹಚ್ಚಿ ಕೆರದ್ರ ಏನಂತಿದ್ರು? ನಿನ್ನ ಕಿವ್ಯಾಗ ಹೇಳೂಣು ಅಂತ ಬಾಯಿ ತಗದೆ. ಅಷ್ಟರಾಗ ನೀ ನನ್ನ ಬೆಸಿಗಿ ಮಾತು ತಗದಿ." ಕೆಮ್ಮು ಬಂತು. ಅದು ಇಳಿಯುವವರೆಗೆ ಗೋಡೆಗೆ ಒರಗಿ ಕಾದ. "ಆಮ್ಯಾಲ ಹೇಳೂ ಮನಸ್ಸಾಗ್ಲಿಲ್ಲ. ನಿಲ್ಲಲಿ ಸುಡಗಾಡ ಮೋಟಾರ ಅಂದೆ. ಅದೂ ತಪ್ಪ. ಹೇಳಿದ್ರ ನಾ ಹೊಳಿ ದಂಡ್ಯಾಗ ಇರತಿದ್ದೆ."

ಒಲೆಯ ಕೆಂಡ ಬೂದಿಯಾಗುತ್ತಿತ್ತು. ಗೌಸಸಾಬ ಟಾಕಿಯನ್ನು ಎತ್ತಿ ಬೆಳಕಿಗೆ ಹಿಡಿದು, ತನ್ನ ಗೆರೆಯನ್ನು ಒಮ್ಮೆ ನೋಡಿದ. ಮುಖದಲ್ಲಿ ಸಂತೋಷವೋ ಏನೋ ಒಂದು ಬಂದು ಹೋಯಿತು. ತಿರುಗಿ ಚೀಲದ ಮೇಲಿಟ್ಟು ಕೇಳಿದ.

"ನನಗ ಯಾಕ ಹೇಳಾಕ ಬಂದಿ ಮುರುಗೆಪ್ಪ? ನನಗ ಗೊತ್ತಿದ್ದದ್ದು ನನಗ ಹೇಳಿದ್ರ ಏನ ಬಂತು? ಗೊತ್ತಿಲ್ಲದವರು ಹುಬ್ಬಳ್ಳ್ಯಾಗ ಅದಾರ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಬೈಯಲಿಲ್ಲ. ಚಹಾ ತರಿಸಿ ಕುಡಿಸಿ, ರೈಲಿಗೆ ಹೊತ್ತಾಯಿತು ಎಂದು ಕಳಿಸಿಕೊಟ್ಟ. ರೈಲಿನಲ್ಲಿ ಮುರುಗೆಪ್ಪನಿಗೆ ಉಣಕಲ್ ಕೆರೆ ಕಂಡಿತು. ಎದ್ದು ಇನ್ನೊಂದು ಕಡೆಯ ಕಿಟಕಿಗೆ ಹೋಗಿ ಕೂತ.

ಮರುದಿನ ಮುಂಜಾನೆ ಸ್ನಾನ ಮಾಡಿ, ಗೋಣಿಚೀಲ ಹೆಗಲಿಗೆ ಹಾಕಿ ಸಾವಕಾರರ ಅಂಗಡಿಗೆ ಹೋದ. ಶಿದ್ದಪ್ಪ ಮೆಣಸಿನಕಾಯಿ ಅವರಿಗೆ ಎಪ್ಪತ್ತು ದಾಟಿತ್ತು. ಗಾದಿಯ ಮೇಲೆ ಲೋಡಿಗೆ ಒರಗಿದ್ದರು, ಪಕ್ಕದಲ್ಲಿ ಗುಮಾಸ್ತ ಅವರಿಗೆ ಪತ್ರ ಓದಿ ಹೇಳುತ್ತಿದ್ದ. ಮೋಟಾರು ಕೆಲಸಕ್ಕೆ ಬಾರದು ಎಂದು ಮುರುಗೆಪ್ಪ ಮೊದಲು ಹೇಳಿದ. ಆಮೇಲೆ, ನಿಂತುಕೊಂಡೇ, ಉಣಕಲ್ ಕೆರೆಯ ಕಥೆಯನ್ನು ಶುರುವಿನಿಂದ ಕೊನೆಯವರೆಗೆ ಹೇಳಿದ. ಸಾವಕಾರರಿಗೆ ಕೆರೆ ನೆನಪಿಗೆ ಬರಲಿಲ್ಲ. ದಸರೆಯೂ ಬರಲಿಲ್ಲ, ಕೆಸರಾದ ಧೋತರವೂ ಬರಲಿಲ್ಲ. ನಾನು ದೋಣಿಯಲ್ಲಿ ಕೂತಿದ್ದೆನೇ ಎಂದು ನಕ್ಕರು. ಗೌಸಸಾಬ ಎಂಬ ಹೆಸರು ಬಂದಾಗ ಮಾತ್ರ ಹುಬ್ಬು ಗಂಟಿಕ್ಕಿ, ಕಲಾಯಿಯವನಲ್ಲೇನು ಎಂದರು.

ಹೌದು ಎಂದು ಮುರುಗೆಪ್ಪ ಟಾಕಿಯನ್ನು ಅವರ ಕೈಗೆ ಕೊಟ್ಟು, ಬೆರಳು ಹಿಡಿದು ಬೆಸುಗೆಯ ಗೆರೆಯ ಮೇಲೆ ಇಟ್ಟ. ತಗಡು ಹೋದರೂ ಇದು ಹೋಗಿಲ್ಲ ನೋಡಿರಿ, ಅವನ ಕೆಲಸ ಇಂಥದ್ದು, ತಪ್ಪೆಲ್ಲ ನನ್ನದು ಎಂದು ಬಿಡಿಸಿ ಹೇಳಿದ. ಸಾವಕಾರರು ಕನ್ನಡಕ ಏರಿಸಿ ನೋಡಿದರು, ತಲೆದೂಗಿದರು, ಗಟ್ಟಿ ಐತಿ ಎಂದು ಒಪ್ಪಿದರು. ಟಾಕಿಯನ್ನು ಅವನಿಗೆ ತಿರುಗಿ ಕೊಟ್ಟರು.

"ಖರೇ ಇರಬೇಕು," ಎಂದರು. "ಆದ್ರೂ ಅವನ ಬೆಸಿಗಿ ನಿಲ್ಲೂದಿಲ್ಲ ಅಂತ ಎಲ್ಲಾರೂ ಅಂತಾರಲ್ಲೋ."

"ಎಲ್ಲಾರೂ ಅಲ್ಲರಿ ಸಾವಕಾರ್ರ. ನಾ ಅಂದಿದ್ದು."

ಸಾವಕಾರರು ಆಗಲೇ ಪತ್ರದ ಕಡೆ ತಿರುಗಿದ್ದರು. ಮುರುಗೆಪ್ಪ ಇನ್ನೊಂದು ಸಲ, ಸ್ವಲ್ಪ ಜೋರಾಗಿ, ಅದೇ ಮಾತು ಹೇಳಿದ. ಗುಮಾಸ್ತ ತಲೆಯೆತ್ತಿ, ಬೆಳಕಿಗೆ ಅಡ್ಡ ನಿಂತೀರಿ, ಸ್ವಲ್ಪ ಸರೀರಿ ಎಂದ.